ಯುಪಿಎಸ್‌ನಲ್ಲಿ ಸಂಪ್ ಮೋಟಾರ್ ಓಡಿಸಬೇಕಾ? ಮೊದಲು ಬ್ಯಾಟರಿ ಫ್ಯೂಸ್ ಲೆಕ್ಕ ಹಾಕಿ

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಡೆ ಕರೆಂಟ್ ಹೋದರೆ ಬರುವುದು ಯಾವಾಗಲೋ. ಅದಕ್ಕೇ ಸಂಪಿನ ಮೋಟಾರನ್ನೂ ಯುಪಿಎಸ್‌ಗೆ ಸೇರಿಸಿಕೊಡಿ ಎಂದು ಕೇಳುವವರು ಜಾಸ್ತಿ. ಸೇರಿಸಬಹುದು. ಆದರೆ ಬ್ಯಾಟರಿ ಫ್ಯೂಸ್ ಪದೇಪದೇ ಹೋಗುತ್ತದೆ ಅಂತ ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತಿಟ್ಟಿರುವುದನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಆ ಫ್ಯೂಸ್ ಕಾಯುವುದು ಮೋಟಾರನ್ನಲ್ಲ, ಬ್ಯಾಟರಿಯಿಂದ ಬರುವ ಕೇಬಲನ್ನು. ಅದಿಲ್ಲದಿದ್ದರೆ ಶಾರ್ಟ್ ಆದಾಗ ಕೇಬಲ್ಲೇ ಹೊತ್ತಿಕೊಳ್ಳುತ್ತದೆ.

ಅರ್ಧ ಎಚ್‌ಪಿ ಮೋಟಾರ್, 24 ವೋಲ್ಟ್ ಬ್ಯಾಟರಿ, 1600 ವಾಟ್ ಕೊಡುವ ಸೈನ್ ವೇವ್ ಯುಪಿಎಸ್ ಇದೆ ಎಂದಿಟ್ಟುಕೊಳ್ಳಿ. ಓಡುವಾಗ ಮೋಟಾರ್ ಸುಮಾರು 650 ವಾಟ್ ಎಳೆಯುತ್ತದೆ. ಯುಪಿಎಸ್‌ನೊಳಗಿನ ನಷ್ಟವೂ ಸೇರಿ ಬ್ಯಾಟರಿ ಕಡೆ ಅದು 32 ಆಂಪಿಯರ್ ಅಷ್ಟೇ. ಆದರೆ ಶುರುವಾಗುವ ಗಳಿಗೆಯಲ್ಲಿ ಮೋಟಾರ್ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಯುಪಿಎಸ್ 2800 ವಾಟ್‌ವರೆಗೆ ತಳ್ಳಬೇಕಾಗುತ್ತದೆ, ಬ್ಯಾಟರಿ 22 ವೋಲ್ಟ್‌ಗೆ ಕುಸಿಯುತ್ತದೆ, ನಷ್ಟವೂ ಸೇರಿ ಕೇಬಲಲ್ಲಿ ಸುಮಾರು 160 ಆಂಪಿಯರ್ ಹರಿಯುತ್ತದೆ. ಅರ್ಧ ಸೆಕೆಂಡು, ಹೆಚ್ಚೆಂದರೆ ಒಂದು. ಯುಪಿಎಸ್ ಅಷ್ಟು ಸರ್ಜ್ ತಾಳುತ್ತದೆಯೇ ಅಂತ ಅದರ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಫ್ಯೂಸಿನ ಲೆಕ್ಕ ಮಾತ್ರ ಈ 160ರಿಂದ ಶುರುವಾಗಬಾರದು. ಯುಪಿಎಸ್ ಸತತವಾಗಿ ಕೊಡಬಲ್ಲ 1600 ವಾಟನ್ನು, ಬ್ಯಾಟರಿ ಇಳಿದಾಗಿನ 21 ವೋಲ್ಟ್ ಮತ್ತು 0.85 ದಕ್ಷತೆಯಿಂದ ಭಾಗಿಸಿ. 90 ಆಂಪಿಯರ್ ಬರುತ್ತದೆ. ಅದಕ್ಕೆ ಕಾಲುಭಾಗ ಸೇರಿಸಿದರೆ 112. ಅಂಗಡಿಯಲ್ಲಿ ಸಿಗುವ ಮುಂದಿನ ಸೈಜ್ 125. ನಿಧಾನಕ್ಕೆ ಕರಗುವ ಎಚ್‌ಆರ್‌ಸಿ ಫ್ಯೂಸ್ (ಭಾರೀ ಶಾರ್ಟ್ ಕರೆಂಟನ್ನೂ ಒಡೆಯದೆ ಕಡಿಯುವಂಥದ್ದು), ಜಿಜಿ (gG) ಅಂತ ಬರೆದಿರುವುದನ್ನು ತನ್ನಿ. 160 ಆಂಪಿಯರ್ ಒಂದು ಸೆಕೆಂಡು ಹರಿದರೆ ಅದು ಅಲುಗಾಡುವುದಿಲ್ಲ. ಅದರ ಮೈಮೇಲೆ ಡಿಸಿ ವೋಲ್ಟೇಜ್ ಬರೆದಿದೆಯೇ ನೋಡಿ. ಮನೆಯ ಬೋರ್ಡಿನ ಎಸಿ ಎಂಸಿಬಿ ಇಲ್ಲಿ ಖಂಡಿತ ಬೇಡ. ಡಿಸಿಯಲ್ಲಿ ಕರೆಂಟ್ ಸೊನ್ನೆಗೆ ಬಂದು ಹೋಗುವುದಿಲ್ಲ, ಹಾಗಾಗಿ ಒಳಗೆ ಹುಟ್ಟಿದ ಕಿಡಿ ಆರದೆ ಉರಿಯುತ್ತಲೇ ಇರಬಹುದು.

ಕೇಬಲ್ ತಾಳುವ ಆಂಪಿಯರ್ ಫ್ಯೂಸಿಗಿಂತ ಜಾಸ್ತಿ ಇರಲೇಬೇಕು. 125ಕ್ಕೆ ನಾನು 50 ಚದರ ಮಿ.ಮೀ. ತಾಮ್ರದ್ದೇ ಹಾಕುವುದು. ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಲಿ.

ಇಷ್ಟು ಮಾಡಿಯೂ ಮೋಟಾರ್ ಗುಂಯ್ ಅಂದು ಯುಪಿಎಸ್ ಆಫ್ ಆದರೆ ಲಗ್, ಅಂದರೆ ಕೇಬಲಿನ ತುದಿಗೆ ಕೂರಿಸುವ ಲೋಹದ ಕೊಂಡಿ, ನೋಡಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ಗಿನ ಸಂದಿಯಲ್ಲಿ ಹಸಿರು ಪುಡಿ ಕೂತಿರುತ್ತದೆ, ಅದರ ಮೇಲಿನ ಸ್ಲೀವ್ ಕಪ್ಪಾಗಿರುತ್ತದೆ. ಅಲ್ಲಿ 10 ಮಿಲಿಓಮ್ ಅಡ್ಡಿ ಇದ್ದರೂ 160 ಆಂಪಿಯರಿಗೆ 1.6 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಯುಪಿಎಸ್‌ಗೆ ಲೋ ಬ್ಯಾಟರಿ ಅಂತ ಕಾಣುತ್ತದೆ. ಅದನ್ನು ಕತ್ತರಿಸಿ ಹಾಕಿ, ಕ್ರಿಂಪಿಂಗ್ ಟೂಲಿನಲ್ಲಿ ಹೊಸ ಲಗ್ ಒತ್ತಿಸಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಲಿಥಿಯಂ ಬ್ಯಾಟರಿಯಾದರೆ ಫ್ಯೂಸಿಗಿಂತ ಮೊದಲು ಒಳಗಿನ ಬಿಎಂಎಸ್ಸೇ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡು) ಕರೆಂಟ್ ಕಡಿದುಬಿಡುತ್ತದೆ. 100 ಆಂಪಿಯರ್ ಎಂದು ಬರೆದಿದ್ದರೆ ಸಾಲದು. 160 ಆಂಪಿಯರನ್ನು ಎಷ್ಟು ಸೆಕೆಂಡು ತಾಳುತ್ತದೆ ಅಂತ ಕೊಳ್ಳುವ ಮುಂಚೆ ಅಂಗಡಿಯವರಿಂದ ಬರೆಸಿಕೊಳ್ಳಿ. ಶಾರ್ಟ್ ಆದಾಗ ಲಿಥಿಯಂ ಸಾವಿರಾರು ಆಂಪಿಯರ್ ಸುರಿಯಬಲ್ಲದು. ಅಲ್ಲಿ ಕಾರಿನ ಪಟ್ಟಿ ಫ್ಯೂಸ್ ನಂಬಬೇಡಿ, ಎಚ್‌ಆರ್‌ಸಿಯನ್ನೇ ಹಾಕಿಸಿ.