ದೋಣಿಯ ಹಿಂಬದಿ ಲಡ್ಡು ಹಿಡಿದಾಗ

ಕಾರವಾರದ ಬೈತಖೋಲ್ ಬಂದರಿನಿಂದ ಹೊರಟಾಗಲೆಲ್ಲ ನಮ್ಮ ಹಳೆ ಫೈಬರ್ ದೋಣಿಯ ಹಿಂಬದಿ, ಅಂದರೆ ಇಂಜಿನ್ ಕೂರುವ ಜಾಗ, ಸಣ್ಣಗೆ ಬಾಗುತ್ತಿತ್ತು. ಬೋಲ್ಟ್ ಬಿಗಿ ಮಾಡಿದರೆ ಎರಡೇ ದಿನಕ್ಕೆ ಮತ್ತೆ ಸಡಿಲ. ಸುತ್ತಿಗೆ ಹಿಡಿಯಿಂದ ತಟ್ಟುತ್ತಾ ಹೋದೆ. ಮೇಲೆ ಟಣ್ ಟಣ್, ಕೆಳಗೆ ನೀರು ಬಿಡುವ ತೂತಿನ ಹತ್ತಿರ ಬರೀ ದಬ್. ಡ್ರಿಲ್ ಹಾಕಿದರೆ ಸೋಸಿದ ಚಹಾ ಪುಡಿಯಂಥ ಕಪ್ಪು ಒದ್ದೆ ಪುಡಿ ಬಂತು. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಅದರ ಎರಡು ಪದರದ ನಡುವೆ ಇರುವುದು ಪ್ಲೈವುಡ್ ಅಲ್ವಾ! ಬೋಲ್ಟ್ ತೂತಿನಿಂದ ಇಳಿದ ನೀರು ಅದನ್ನು ಲಡ್ಡು ಮಾಡಿತ್ತು.

ಹೊರಪದರ ಮುಟ್ಟಲಿಲ್ಲ, ಆಕಾರ ಹಿಡಿದಿಡುವುದೇ ಅದು. ಒಳಪದರ ಗ್ರೈಂಡರಿನಲ್ಲಿ ಕೊಯ್ದು, ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದೆ. ಮಾಸ್ಕ್ ಹಾಕಿದ್ದೆ, ಆದರೆ ಲುಂಗಿಯಲ್ಲಿ ಕೂತ ತಪ್ಪಿಗೆ ಫೈಬರ್ ಧೂಳು ತಾಗಿ ರಾತ್ರಿಯಿಡೀ ಕಾಲು ತುರಿಸಿಕೊಂಡೆ.

ಒಣಗಿಸುವುದೇ ದೊಡ್ಡ ಕೆಲಸ. ಏಪ್ರಿಲ್ ಬಿಸಿಲಲ್ಲೂ ಹತ್ತು ದಿನ ಬೇಕಾಯಿತು. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಹೇಗೂ ಸುಮ್ನೆ ಇರುತ್ತೇವೆ, ಆಗ ಮಾಡೋಣ ಎಂದು ಕಾಯಬೇಡಿ. ಆ ಮಳೆಯಲ್ಲಿ ಏನೂ ಒಣಗುವುದಿಲ್ಲ.

18 ಮಿ.ಮೀ. ಮರೈನ್ ಪ್ಲೈವುಡ್ ಎರಡು ಪದರ, ಎಪಾಕ್ಸಿ ಹಚ್ಚಿ ಕ್ಲ್ಯಾಂಪ್ ಬಿಗಿದೆ. ಅಂಚಿನಲ್ಲಿ ಅಂಟು ಉಕ್ಕಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿದಿದೆ ಎಂದೇ ಲೆಕ್ಕ. ಮೇಲೆ ಫೈಬರ್ ಗ್ಲಾಸ್ ಬಟ್ಟೆ, ಪಕ್ಕದ ಗೋಡೆಗೂ ಹತ್ತಿಸಿ. ಬೋಲ್ಟ್ ತೂತು ಬೇಕೆಂದೇ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಗೆ ಮತ್ತೆ ಕೊರೆದೆ. ಈಗ ನೀರಿಗೆ ಮರ ಸಿಗುವುದೇ ಇಲ್ಲ.

ಮೊನ್ನೆ ಕಾಳಿ ಅಳಿವೆ ದಾಟುವಾಗ ಇಂಜಿನ್ ಜೋರು ಮಾಡಿ ಹಿಂದಕ್ಕೆ ನೋಡಿದೆ. ಅಲುಗಲಿಲ್ಲ.