ಬೇಲಿ ಬದಿಯ ಗಿಡಗಳನ್ನು ನಾನು ಬರೆಯುವ ಬಗೆ

ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಂನಲ್ಲಿ ‘ಪ್ರಕೃತಿಗೆ ವಿರುದ್ಧ’ ಅನ್ನುವ ಮಾತಿತ್ತು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಆದರೂ ಆ ಮಾತು ನನ್ನಂಥವರ ಬೆನ್ನು ಬಿಡಲಿಲ್ಲ. ಪ್ರಕೃತಿಯಲ್ಲಿ ಏನಿದೆ ಅಂತ ನಾನೇ ನೋಡಿ ಚಿತ್ರ ಬರೆಯೋಣ ಅನ್ನಿಸಿತು. ದೂರದ ಕಾಡು ಬೇಕಾಗಲಿಲ್ಲ. ಖಾಲಿ ಸೈಟು, ಕೆರೆ ಏರಿ, ಬೇಲಿ ಸಾಕಾಯಿತು.

ಕಾಡು ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಮ್ಮ ಹಾಗೆ ಎಕ್ಸ್, ವೈ ಕ್ರೋಮೋಸೋಮ್ ಕೂಡ ಇವೆ. ಅದನ್ನೂ ಅಷ್ಟೇ ಪ್ರೀತಿಯಿಂದ ಬರೆದೆ. ಪಕ್ಕದ ಮೋರಿಯ ಕೆಸುವಿನ ಕಥೆಯೇ ಬೇರೆ. ಹೂಗೊಂಚಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಕೆಳಗೆ ಹೆಣ್ಣು ಹೂಗಳು, ಮೇಲೆ ಗಂಡು ಹೂಗಳು. ನಡುವೆ ಒಂದು ಪಟ್ಟಿ: ಕಾಯಿಯನ್ನೂ ಕಟ್ಟದ, ಪರಾಗವನ್ನೂ ಕೊಡದ ಹೂಗಳು. ಹೆಣ್ಣು ಹೂಗಳದ್ದು ಮೊದಲ ಸರದಿ, ಪರಾಗ ಉದುರುವುದು ಆಮೇಲೆ. ಒಂದೇ ಚಿತ್ರದಲ್ಲಿ ಇದು ಹಿಡಿಸುವುದಿಲ್ಲ, ಎರಡು ಹೊತ್ತಿನ ಸೀಳುಗಳನ್ನು ಅಕ್ಕಪಕ್ಕ ಇಡುತ್ತೇನೆ. ನಡುವಿನ ಪಟ್ಟಿಯನ್ನು ನಾಲ್ಕು ಚುಕ್ಕಿಯಲ್ಲಿ ಮುಗಿಸಬಹುದು. ಆದರೆ ನಾನು ಜಾಸ್ತಿ ಹೊತ್ತು ಕೊಡುವುದು ಅದಕ್ಕೇ.

ಗಂಡು, ಹೆಣ್ಣು ಅಂತ ಗುರುತು ಹಾಕುವುದು ಚಿತ್ರ ಮುಗಿದ ಮೇಲೆ. ಮೊದಲೇ ಹಾಕಿದರೆ ಕಣ್ಣು ಅದನ್ನೇ ಹುಡುಕುತ್ತದೆ, ಅಲ್ವಾ? 1735ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೂವಿನ ಕೇಸರಗಳನ್ನು ಎಣಿಸಿ ಗಿಡಗಳನ್ನು ವಿಂಗಡಿಸಿದ. ಅದನ್ನು ಗಂಡ-ಹೆಂಡಿರ ಮದುವೆ ಎಂದೇ ವಿವರಿಸಿದ. ಮನುಷ್ಯರ ಸಂಸಾರವನ್ನು ಹೂವಿಗೆ ಅಂಟಿಸಿದ ಆ ಹಾಳೆಯನ್ನು ಬಿಡಿಸಿ ನೋಡುವುದೇ ನನ್ನ ಮಟ್ಟಿಗೆ ಕ್ವಿಯರ್ (ಗಂಡು-ಹೆಣ್ಣಿನ ಸಿದ್ಧ ಚೌಕಟ್ಟಿಗೆ ಒಗ್ಗದವರ) ಪರಿಸರ ಚಿಂತನೆ. ಕೆಸು ನನ್ನ ಪರ ಸಾಕ್ಷಿ ಹೇಳಬೇಕಿಲ್ಲ. ಅದು ಅದರ ಪಾಡಿಗೆ ಬದುಕುತ್ತಿದೆ.

ನನಗೆ ತುಂಬ ಇಷ್ಟ ಕನ್ನೆ ಸೊಪ್ಪು. ಹೊಲದಲ್ಲಿ ಕಳೆ ಅಂತ ಕಿತ್ತೆಸೆಯುತ್ತಾರೆ. ಮಡಚಿದ ಒಂದೇ ಎಲೆಯೊಳಗಿಂದ ಬರುವ ನೀಲಿ ಹೂಗಳಲ್ಲಿ ಕೆಲವು ದ್ವಿಲಿಂಗಿ, ಕೆಲವು ಬರೀ ಗಂಡು. ಮಣ್ಣಿನ ಕೆಳಗೂ ಹೂ ಇವೆ! ಅವು ಅರಳುವುದೇ ಇಲ್ಲ, ತಮ್ಮ ಪರಾಗದಿಂದಲೇ ಬೀಜ ಕಟ್ಟುತ್ತವೆ. ನೀಲಿ ದಳ ಮಧ್ಯಾಹ್ನದೊಳಗೆ ಮುದುಡುವುದರಿಂದ ಮೊದಲು ಬಣ್ಣ, ಆಮೇಲೆ ಗೆರೆ. ಪುಟದ ನಡುವೆ ನೆಲದ ಗೆರೆ ಎಳೆದು ಅರ್ಧ ಜಾಗ ಕೆಳಗಿನ ಹೂಗಳಿಗೆ ಬಿಡುತ್ತೇನೆ. ಮಳೆ ಬಂದು ನೆಲ ಮೆತ್ತಗಾದಾಗ ಅಗೆದರೆ ಆ ಹೂಗಳನ್ನು ಹೊತ್ತ ಕಾಂಡದ ಎಳೆ ಹರಿಯುವುದಿಲ್ಲ. ಬಿಳಿ ಎಳೆ ಬಿಳಿ ಕಾಗದದಲ್ಲಿ ಕಾಣುವುದಿಲ್ಲ. ಹಾಗಾಗಿ ಎಳೆಯ ಜಾಗ ಖಾಲಿ ಬಿಟ್ಟು ಸುತ್ತಲೂ ತೆಳ್ಳಗೆ ಕಂದು ಬಣ್ಣ ಬಳಿಯುತ್ತೇನೆ.