ಸೇನೆಯ ಅನುದಾನ, ನಮ್ಮದೇ ಪ್ರಶ್ನೆ

ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಬೆಳಕು ಸೂಸುವ ಸಾವಯವ ಅಣುಗಳ ಮೇಲೆ ಕೆಲಸ ಮಾಡಿಕೊಂಡಿದ್ದ ನಾನು ರಕ್ಷಣಾ ಸಂಶೋಧನೆಯ ಅನುದಾನಕ್ಕೆ ಅರ್ಜಿ ಹಾಕುತ್ತೇನೆಂದಾಗ, ಅವರಿಗೆ ಬೇಕಾದದ್ದು ಉಪಕರಣ, ನಿಮ್ಮ ಹತ್ತಿರ ಇರುವುದು ಬರೀ ಪ್ರಶ್ನೆ ಎಂದು ಸಹೋದ್ಯೋಗಿಗಳು ಅನುಮಾನ ವ್ಯಕ್ತಪಡಿಸಿದರು. ತೆಳುವಾದ ಪದರವೊಂದರಲ್ಲಿ ಒಂದು ಅಣು ಹೀರಿಕೊಂಡ ಬೆಳಕಿನ ಶಕ್ತಿಯು ಅಣುವಿನಿಂದ ಅಣುವಿಗೆ ದಾಟುತ್ತ ಎಷ್ಟು ದೂರ ಸಾಗಬಲ್ಲದು ಎಂಬುದೇ ಆ ಪ್ರಶ್ನೆ. ಇಂಥ ಪದರಗಳಲ್ಲಿ ಅದು ಸಾಮಾನ್ಯವಾಗಿ 10 ನ್ಯಾನೊಮೀಟರ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಇನ್ನೂ ದೂರ ಹೋದರೆ, ದಾರಿಯಲ್ಲಿ ಅಂಟಿಕೊಂಡ ಟಿಎನ್‌ಟಿ ಎಂಬ ಸ್ಫೋಟಕದ ಒಂದೇ ಒಂದು ಅಣು ಸುತ್ತಲಿನ ಅನೇಕ ಅಣುಗಳ ಹೊಳಪನ್ನು ಆರಿಸಬಲ್ಲದು. ಕೋಣೆಯ ಉಷ್ಣಾಂಶದಲ್ಲಿ ಟಿಎನ್‌ಟಿ ಆವಿ ಗಾಳಿಯಲ್ಲಿ ಶತಕೋಟಿಗೆ ಕೆಲವೇ ಭಾಗದಷ್ಟಿರುವುದರಿಂದ, ಸ್ಫೋಟಕ ಪತ್ತೆಹಚ್ಚುವವರಿಗೂ ಈ ಪ್ರಶ್ನೆ ಬೇಕಾದದ್ದೇ. ಅಮೆರಿಕದ ಎಂಐಟಿಯ ರಸಾಯನಶಾಸ್ತ್ರಜ್ಞ ಟಿಮೊತಿ ಸ್ವ್ಯಾಗರ್ 1990ರ ದಶಕದಲ್ಲಿಯೇ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ, ಪದರಗಳಿಂದ ಇದನ್ನು ಸಾಧಿಸಿದ್ದರು. ಸಣ್ಣ ಅಣುಗಳಿಂದಲೂ ಆದೀತೇ ಎಂಬುದು ನಮ್ಮ ಕುತೂಹಲ.

ಪ್ರಸ್ತಾವನೆ ಬರೆಯುವ ಕ್ರಮವನ್ನು ನಾನು ಕಲಿತದ್ದು ಅಮೆರಿಕದ ರಕ್ಷಣಾ ಸಂಶೋಧನೆಗೆ ಹಣ ಕೊಡುವ ಸಂಸ್ಥೆಯಾದ ಡಾರ್ಪಾದಿಂದ. ಸ್ಪುಟ್ನಿಕ್ ಹಾರಿದ ಮರುವರ್ಷ, ಅಂದರೆ ನಮ್ಮ ಡಿಆರ್‌ಡಿಒ ಹುಟ್ಟಿದ 1958ರಲ್ಲಿಯೇ, ಅದೂ ಹುಟ್ಟಿತು. 1970ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದ ಜಾರ್ಜ್ ಹೈಲ್‌ಮೈಯರ್ ಹಣ ಕೇಳಿ ಬಂದವರಿಗೆಲ್ಲ ಕೆಲವು ಪ್ರಶ್ನೆಗಳನ್ನು ಹಾಕುತ್ತಿದ್ದರು: ಪಾರಿಭಾಷಿಕ ಪದಗಳಿಲ್ಲದೆ ಹೇಳುವುದಾದರೆ ಏನು ಮಾಡಲು ಹೊರಟಿದ್ದೀರಿ, ಈಗಿನ ಪದ್ಧತಿಯ ಮಿತಿಯೇನು, ಗೆದ್ದರೆ ಯಾರಿಗೆ ಉಪಯೋಗ, ಅಪಾಯವೇನು, ನಡುವಿನ ಪರೀಕ್ಷೆ ಯಾವುದು, ಕೊನೆಯದು ಯಾವುದು? ನಡುವಿನ ಪರೀಕ್ಷೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಎರಡನೆಯ ವರ್ಷದ ಕೊನೆಗೆ ಬೆಳಕಿನ ಶಕ್ತಿ ಸಾಗುವ ದೂರ 20 ನ್ಯಾನೊಮೀಟರ್ ದಾಟದಿದ್ದರೆ ಈ ಅಣುಗಳ ಗುಂಪನ್ನೇ ಕೈಬಿಡುತ್ತೇವೆ, ಆದರೆ ಎಲ್ಲಿ, ಏಕೆ ನಿಂತಿತು ಎಂಬ ಅಳತೆಗಳನ್ನು ಒಪ್ಪಿಸುತ್ತೇವೆ ಎಂದು ನಾವಾಗಿಯೇ ಬರೆದುಕೊಟ್ಟೆವು. ಖಚಿತವಾಗಿ ಆಗುವುದನ್ನಷ್ಟೇ ಬರೆಯಬೇಕೆಂಬ ಬುದ್ಧಿಮಾತು ನಮ್ಮ ವಿಭಾಗಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಆಗಿಯೇ ತೀರುವ ಕೆಲಸಕ್ಕೆ ಮೂರು ವರ್ಷ ಸಂಶೋಧನೆಯ ಹೆಸರಿನಲ್ಲಿ ಹಣವೇಕೆ ಎಂದು ನಾನು ಕೇಳುತ್ತೇನೆ.

ತಜ್ಞರ ಸಮಿತಿಯೆದುರು ಸೇನೆಗೆ ನೇರ ಸಂಬಂಧವೇನು ಎಂಬ ಪ್ರಶ್ನೆ ಬಂದೇ ಬಂತು. ಈ ಒತ್ತಾಯ ನಮ್ಮ ದೇಶದ್ದಷ್ಟೇ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇನಾಪಡೆಗಳ ಹಣದಿಂದ ಚಾರ್ಲ್ಸ್ ಟೌನ್ಸ್ 1954ರಲ್ಲಿ ಸೂಕ್ಷ್ಮತರಂಗಗಳನ್ನು ವರ್ಧಿಸುವ ಮೇಸರ್ ಎಂಬ ಸಾಧನವನ್ನು ನಡೆಸಿ ತೋರಿಸಿದಾಗ, ಅದರ ಬೆನ್ನಿಗೇ ಲೇಸರ್ ಬಂದು ಮನೆಮನೆ ಹೊಕ್ಕೀತೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಅಮೆರಿಕದ ಸಂಸತ್ತು ಒಪ್ಪಿದ 1969ರ ಮ್ಯಾನ್ಸ್‌ಫೀಲ್ಡ್ ತಿದ್ದುಪಡಿ ಅಲ್ಲಿಯೂ ಸೇನೆಯ ಹಣಕ್ಕೆ ನೇರ ಸಂಬಂಧದ ಷರತ್ತು ಹಾಕಿತು. ನಾನು ಸ್ಫೋಟಕದ ಆವಿಯ ಮಾತನ್ನು ಒಂದೇ ಸ್ಲೈಡಿಗೆ ಸೀಮಿತಗೊಳಿಸಿ, ಉಳಿದದ್ದೆಲ್ಲ ಅಣುಗಳ ವಿಷಯವನ್ನೇ ಮಾತನಾಡಿದೆ.

ಒಪ್ಪಂದದಲ್ಲಿ ನಾನು ಹಟ ಹಿಡಿದದ್ದು ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ. ಪ್ರಕಟಣೆಗೆ ಮೊದಲು ಹಸ್ತಪ್ರತಿ ತೋರಿಸಲು ಒಪ್ಪಿದೆವು. ಪ್ರಕಟಿಸಲಾಗದ ಯಾವ ಕೆಲಸವನ್ನೂ ಪಿಎಚ್‌ಡಿ ವಿದ್ಯಾರ್ಥಿಗೆ ಕೊಡುವುದಿಲ್ಲವೆಂದೂ ಬರೆಸಿದೆವು. ಯೋಜನೆಗೆ ಸೇರಿದ ವಿದ್ಯಾರ್ಥಿನಿಯ ತಂದೆ ಗದಗಿನಿಂದ ಬಂದವರು, “ಸರ, ಬಾಂಬ್ ಗೀಂಬ್ ಮಾಡೂ ಕೆಲಸ ಅಲ್ಲಲ್ರಿ ಇದು?” ಎಂದು ಕೇಳಿದ್ದರು. “ಹುಡುಕೂ ಕೆಲಸರೀ,” ಎಂದೆ.

ಟಿಎನ್‌ಟಿಯ ಬದಲು ರಚನೆಯಲ್ಲಿ ಅದಕ್ಕೆ ಹತ್ತಿರದ ಡೈನೈಟ್ರೊಟಾಲ್ಯೂನ್ ಎಂಬ ರಾಸಾಯನಿಕ ಬಳಸಿದೆವು. ಸಣ್ಣ ಶೀಶೆಯ ತಳದಲ್ಲಿ ಅದರ ಹರಳುಗಳು, ಮೇಲೆ ಹತ್ತಿ, ಅದಕ್ಕೆ ತಾಗದಂತೆ ಪದರ ಬಳಿದ ಕ್ವಾರ್ಟ್ಜ್ ಪಟ್ಟಿ. ನೇರಳಾತೀತ ದೀಪದಡಿ ಪಟ್ಟಿಯ ಹಸಿರು ಹೊಳಪು ನಿಮಿಷಗಳಲ್ಲಿ ಮಂಕಾಗುತ್ತಿತ್ತು. ಆದರೆ ಪದರ ದಪ್ಪವಾದೊಡನೆ ಮಂಕಾಗುವುದು ನಿಧಾನವಾಗುತ್ತಿತ್ತು, ಅಂದರೆ ಶಕ್ತಿ ದೂರ ಸಾಗುತ್ತಿರಲಿಲ್ಲ ಅಥವಾ ಆವಿಯೇ ಒಳಗಿಳಿಯುತ್ತಿರಲಿಲ್ಲ. ಇವೆರಡನ್ನು ಬೇರ್ಪಡಿಸಲು ಅನುದಾನದ ಬಹುಭಾಗವನ್ನು ಹೊಳಪು ಆರುವ ಕಾಲವನ್ನು ನ್ಯಾನೊಸೆಕೆಂಡಿನಲ್ಲಿ ಅಳೆಯುವ ಉಪಕರಣಕ್ಕೆ ಹಾಕಿದೆವು. ನಡುವಿನ ಪರೀಕ್ಷೆಯಲ್ಲಿ 20 ನ್ಯಾನೊಮೀಟರ್ ದಾಟಲಿಲ್ಲ. ಬರೆದುಕೊಟ್ಟಂತೆ ಆ ಗುಂಪನ್ನು ಕೈಬಿಟ್ಟು, ಅಣುಗಳು ಒತ್ತೊತ್ತಾಗಿ ಕೂರದಂತೆ ದೊಡ್ಡ ಪಕ್ಕಗುಂಪುಗಳನ್ನು ಜೋಡಿಸಿದ ಅಣುಗಳಿಗೆ ಹೊರಳಿದೆವು; ಸಮಿತಿ ತಕರಾರಿಲ್ಲದೆ ಮೂರನೆಯ ವರ್ಷದ ಕಂತು ಬಿಡುಗಡೆ ಮಾಡಿತು.